ಬಿಟಿ ಪುಡಿ: ಕೋಸಿನ ಹುಳಕ್ಕೆ ಒಳ್ಳೆಯ ಮದ್ದು, ಬದನೆ ಕೊರಕಕ್ಕೆ ಅಲ್ಲ

ಎಲೆಕೋಸು, ಹೂಕೋಸು, ನವಿಲುಕೋಸು ಇವನ್ನು ಮನೆ ಮಟ್ಟಿಗೆ ಬೆಳೆಯುವವರು ಯಾರು ಕೇಳಿದರೂ ನಾನು ಹೇಳುವುದು ಒಂದೇ: ಒಂದು ಪ್ಯಾಕೆಟ್ ಬಿಟಿ ಪುಡಿ, ಅಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾದಿಂದ ಮಾಡಿದ ಹುಳದ ಮದ್ದು, ತಂದಿಟ್ಟುಕೊಳ್ಳಿ. ಐದಕ್ಕೆ ನಾಲ್ಕು ಅಂಕ ಧೈರ್ಯವಾಗಿ ಕೊಡುತ್ತೇನೆ. ಆದರೆ ಎಲೆ ಮಗುಚಿ ನೋಡುವ ಅಭ್ಯಾಸ ಇಲ್ಲದವರಿಗೆ ಇದು ಬೇಡ. ದುಡ್ಡು ದಂಡ, ಮದ್ದಿಗೆ ಕೆಟ್ಟ ಹೆಸರು. ಹೀಗೆ ಯಾಕೆ ಹೇಳುತ್ತೇನೆ ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಮನೆ ಹಿಂದೆ ಕಾಫಿ ಒಣಗಿಸುವ ಕಣ, ಕಣದ ಆಚೆ ಒಂದು ಪಟ್ಟಿ ತರಕಾರಿ ಜಾಗ. ಮಾರುವುದಕ್ಕಲ್ಲ, ಮನೆಗೆ, ತೋಟದ ಕೆಲಸಕ್ಕೆ ಬರುವವರಿಗೆ, ಒಮ್ಮೊಮ್ಮೆ ನೆಂಟರಿಗೆ. ಮಳೆಗಾಲದಲ್ಲಿ ಅಲ್ಲಿ ಕೆಸುವಿನೆಲೆ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಮಳೆ ಬಿಟ್ಟು ಬಿಸಿಲು ಬಿದ್ದ ಮೇಲೆ ಕೋಸಿನ ಸಸಿ ನೆಡುತ್ತೇವೆ. ಹುತ್ತರಿ ಹಬ್ಬ ಬರುವ ಹೊತ್ತಿಗೆ ಎಲೆ ಚೆನ್ನಾಗಿ ಹರಡಿರುತ್ತದೆ. ಹುಳಕ್ಕೂ ಅದೇ ಹಬ್ಬ.

ಮೊದಲು ಕಾಣುವುದು ಹುಳ ಅಲ್ಲ, ಎಲೆಯಲ್ಲಿ ಸಣ್ಣ ಸಣ್ಣ ಕಿಟಕಿ. ಎಲೆಯ ಅಡಿಯ ಹಸಿರು ಕೆರೆದು ತಿಂದು, ಮೇಲಿನ ತೆಳು ಪೊರೆ ಮಾತ್ರ ಬಿಟ್ಟಿರುತ್ತದೆ. ಅಂಥ ಎಲೆ ಮಗುಚಿದರೆ ತಿಳಿಹಸಿರು ಬಣ್ಣದ, ಎರಡೂ ತುದಿ ಚೂಪಾದ ಪುಟ್ಟ ಹುಳ ಸಿಗುತ್ತದೆ. ಬೆರಳು ತಾಗಿಸಿದರೆ ಮೈ ಕುಲುಕಿಸಿ, ನೂಲು ಬಿಟ್ಟು ಕೆಳಗೆ ಜೋತು ಬೀಳುತ್ತದೆ. ಇದು ವಜ್ರಬೆನ್ನಿನ ಪತಂಗದ ಮರಿ. ರೆಕ್ಕೆ ಮಡಚಿ ಕೂತ ಪತಂಗದ ಬೆನ್ನಿನ ಮೇಲೆ ವಜ್ರದ ಆಕಾರದ ಬಿಳಿ ಗುರುತು ಇರುತ್ತದೆ, ಅದರಿಂದ ಈ ಹೆಸರು. ಜಗತ್ತಿನಲ್ಲಿ ಕೋಸು ಬೆಳೆಯುವ ಕಡೆಯೆಲ್ಲ ಇದರದ್ದೇ ಕಾಟ. ಡಿಡಿಟಿ ಅನ್ನುವ ಹಳೆಯ ಕೀಟನಾಶಕಕ್ಕೆ ಇದು ಬಗ್ಗುವುದಿಲ್ಲ ಅಂತ ಜಾವಾ ದ್ವೀಪದಿಂದ ವರದಿ ಬಂದದ್ದು 1953ರಲ್ಲಿ. ಆಮೇಲೆ ಬಂದ ಮದ್ದುಗಳನ್ನೂ ಒಂದೊಂದಾಗಿ ಅರಗಿಸಿಕೊಂಡ ಹುಳ ಇದು. ಹಾಗಾಗಿ ‘ಇನ್ನೂ ಸ್ಟ್ರಾಂಗ್ ಮದ್ದು ಹೊಡೆಯೋಣ’ ಅನ್ನುವ ದಾರಿ ಈ ಹುಳದ ಮುಂದೆ ಜಾಸ್ತಿ ದೂರ ಹೋಗುವುದಿಲ್ಲ.

ಅದೇ ಮಾತು ಅಂಗಡಿಯಲ್ಲಿ ಕೇಳಬೇಕಾಯಿತು. ಕೋಸಿಗೆ ಹಸಿರು ಹುಳ ಬಿದ್ದಿದೆ, ಬಿಟಿ ಪುಡಿ ಇದೆಯಾ ಅಂತ ಒಂದು ಮದ್ದಿನ ಅಂಗಡಿಯಲ್ಲಿ ಕೇಳಿದೆ. ಅವರು ಕೌಂಟರ್ ಮೇಲೆ ಇಟ್ಟದ್ದು ಕೆಂಪು ತ್ರಿಕೋನದ ಬಾಟಲಿ. ‘ಇದು ತಗೊಂಡು ಹೋಗಿ ಅಕ್ಕ, ಒಂದೇ ಸಲಕ್ಕೆ ಎಲ್ಲ ಮಲಗುತ್ತವೆ’ ಅಂದರು. ಪ್ಯಾಕೆಟ್ ಮೇಲಿನ ತ್ರಿಕೋನದ ಬಣ್ಣ ನೋಡುವುದನ್ನು ದಯವಿಟ್ಟು ಎಲ್ಲರೂ ಕಲಿಯಿರಿ. ಕೆಂಪು ಅಂದರೆ ಅತಿ ಹೆಚ್ಚು ವಿಷ, ನಂತರ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಕೆಂಪು ತ್ರಿಕೋನದ ಮದ್ದಿಗೆ ನಮ್ಮ ಹಿತ್ತಲಲ್ಲಿ ಏನು ಕೆಲಸ? ಮಗಳು ನವಿಲುಕೋಸು ಕಿತ್ತು, ನಲ್ಲಿಯಲ್ಲಿ ತೊಳೆದು, ಅಲ್ಲೇ ನಿಂತು ಹಸಿಯಾಗಿ ತಿನ್ನುವ ಜಾಗ ಅದು. ಕೋಳಿಗಳು ಅದೇ ಗಿಡದ ಬುಡ ಕೆದಕುತ್ತವೆ. ಮೊನೊಕ್ರೊಟೊಫಾಸ್ ಅನ್ನುವ ಮದ್ದನ್ನು ತರಕಾರಿಗೆ ಹೊಡೆಯಬಾರದು ಅಂತ ಸರ್ಕಾರ 2005ರಲ್ಲೇ ನಿಷೇಧಿಸಿತ್ತು. ಎಷ್ಟು ಜನ ಬೆಳೆಯುವವರಿಗೆ ಇದು ಗೊತ್ತು? ಬಾಟಲಿ ಅಲ್ಲೇ ಬಿಟ್ಟು ಬಂದೆ.

ಮತ್ತೊಂದು ಅಂಗಡಿಯಲ್ಲಿ ಬಿಟಿ ಇತ್ತು, ಅವಧಿ ಮುಗಿದಿತ್ತು. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಇಟ್ಟಿದ್ದರು. ಇದರೊಳಗೆ ಇರುವುದು ಬ್ಯಾಕ್ಟೀರಿಯಾ. ಬಿಸಿ, ತೇವ ಎರಡೂ ಆಗುವುದಿಲ್ಲ. ಬೇರೆ ಮದ್ದು ಕೊಳ್ಳುವಾಗ ದಿನಾಂಕ ನೋಡದಿದ್ದರೂ ಇದನ್ನು ಕೊಳ್ಳುವಾಗ ನೋಡಲೇಬೇಕು. ಕೊನೆಗೆ ಒಳ್ಳೆಯ ಪ್ಯಾಕೆಟ್ ಸಿಕ್ಕಿದ್ದು ಕುಶಾಲನಗರದಲ್ಲಿ. 100 ಗ್ರಾಂ, 300 ರೂಪಾಯಿ ಒಳಗೆ ಬಂತು. ತ್ರಿಕೋನ ಹಸಿರು. ಪ್ಯಾಕೆಟ್ ಮೇಲೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಅಂತ ಇದ್ದರೆ ಮಾತ್ರ ಸಾಲದು, ಅದರ ಮುಂದೆ ‘ಕುರ್ಸ್ಟಾಕಿ’ ಅಂತ ಇರಬೇಕು. ‘ಇಸ್ರೇಲೆನ್ಸಿಸ್’ ಅಂತ ಇದ್ದರೆ ಅದು ನಿಂತ ನೀರಿನ ಸೊಳ್ಳೆ ಮರಿಗೆ, ಕೋಸಿನ ಹುಳಕ್ಕೆ ನಾಟುವುದಿಲ್ಲ.

ಬಿಟಿ ಅಂದ ಕೂಡಲೇ ನಮ್ಮ ಅತ್ತೆಗೆ ನೆನಪಾದದ್ದು ಬಿಟಿ ಬದನೆ. ‘ಅದನ್ನು ಬೇಡ ಅಂತ ನಿಲ್ಲಿಸಿದ್ದರಲ್ಲ, ನೀನು ಯಾಕೆ ತಂದೆ?’ ಅಂತ ಕೇಳಿದರು. ಕೇಳಿದ್ದು ಸರಿಯೇ. 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಡೆ ಹಾಕಿದ್ದು ಬದನೆ ಗಿಡದೊಳಗೇ ಈ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ತಳಿಗೆ. ಆ ಗಿಡ ತನ್ನ ಮೈಯಲ್ಲೇ ವಿಷ ಮಾಡಿಕೊಳ್ಳುತ್ತದೆ, ತೊಳೆದರೆ ಹೋಗುವುದಿಲ್ಲ. ಈ ಪುಡಿಯದು ಬೇರೆ ಕತೆ. ಮಣ್ಣಿನಲ್ಲೇ ಇರುವ ಬ್ಯಾಕ್ಟೀರಿಯಾವನ್ನು ಬೆಳೆಸಿ, ಒಣಗಿಸಿ, ಪುಡಿ ಮಾಡಿ ಎಲೆ ಮೇಲೆ ಹೊಡೆಯುವುದು. ಗಿಡದೊಳಗೆ ಏನೂ ಹೋಗುವುದಿಲ್ಲ. ಅತ್ತೆಗೆ ಇಷ್ಟು ಹೇಳಿದ ಮೇಲೆ ಸಮಾಧಾನ ಆಯಿತು.

ಇದು ಮೊದಲು ಸಿಕ್ಕಿದ್ದೇ ಹುಳದ ಹೊಟ್ಟೆಯಲ್ಲಿ. 1901ರಲ್ಲಿ ಜಪಾನಿನ ಇಶಿವಾಟಾ ಅನ್ನುವವರು ರೇಷ್ಮೆ ಹುಳ ಇದ್ದಕ್ಕಿದ್ದ ಹಾಗೆ ಸಾಯುವುದು ಯಾಕೆ ಅಂತ ಹುಡುಕುತ್ತಾ ಇದನ್ನು ಕಂಡರು. 1911ರಲ್ಲಿ ಜರ್ಮನಿಯ ಬರ್ಲೈನರ್, ಹಿಟ್ಟಿನ ಪತಂಗದ ಮರಿಗಳಲ್ಲಿ ಕಂಡು, ಅವು ಸಿಕ್ಕ ಥುರಿಂಗಿಯಾ ಪ್ರಾಂತ್ಯದ ಹೆಸರಿಟ್ಟರು. 1938ರಲ್ಲಿ ಫ್ರಾನ್ಸಿನಲ್ಲಿ ಮದ್ದಾಗಿ ಮಾರಾಟಕ್ಕೆ ಬಂತು. ನೋಡಿ, ಡಿಡಿಟಿ ಹೊಲಕ್ಕೆ ಬರುವ ಮೊದಲೇ ಇದು ಇತ್ತು.

ಕೆಲಸ ಮಾಡುವ ರೀತಿ ತಿಳಿದರೆ ಬಳಸುವ ರೀತಿ ತಾನಾಗಿ ತಿಳಿಯುತ್ತದೆ. ಪುಡಿಯಲ್ಲಿ ಬ್ಯಾಕ್ಟೀರಿಯಾದ ಬೀಜಕಣದ ಜೊತೆ ಒಂದು ಪ್ರೋಟೀನ್ ಹರಳು ಇರುತ್ತದೆ. ಹುಳದ ಹೊಟ್ಟೆ ಕ್ಷಾರದ್ದು, ನಮ್ಮದು ಆಮ್ಲದ್ದು. ಆ ಹರಳು ಕ್ಷಾರದಲ್ಲಿ ಕರಗಿ, ಕರುಳಿನ ಗೋಡೆಗೆ ಅಂಟಿ, ತೂತು ಮಾಡುತ್ತದೆ. ಪತಂಗ, ಚಿಟ್ಟೆ ಜಾತಿಯ ಮರಿಗಳ ಕರುಳಿನಲ್ಲಿ ಮಾತ್ರ ಈ ಹರಳು ಅಂಟುವ ಜಾಗ ಇದೆ. ನಮ್ಮಲ್ಲಿ, ಕೋಳಿಯಲ್ಲಿ, ಜೇನಿನಲ್ಲಿ ಇಲ್ಲ. ಕೆಲವೇ ಗಂಟೆಯಲ್ಲಿ ಹುಳ ಬಾಯಿ ಮುಚ್ಚುತ್ತದೆ. ಸಾಯಲು ಎರಡು ದಿನ, ಕೆಲವೊಮ್ಮೆ ಐದು ದಿನ.

ಅಂದರೆ ಹುಳ ಇದನ್ನು ತಿನ್ನಲೇಬೇಕು. ಮೈ ಮೇಲೆ ಬಿದ್ದರೆ ಏನೂ ಆಗುವುದಿಲ್ಲ. ಹುಳ ತಿನ್ನುವ ಜಾಗಕ್ಕೆ, ಎಲೆಯ ಅಡಿಗೆ, ಸುಳಿಯ ಒಳಗೆ ಮದ್ದು ಮುಟ್ಟಬೇಕು. ಮೇಲಿಂದ ಸುಮ್ನೆ ಚಿಮುಕಿಸಿದರೆ ಪ್ರಯೋಜನ ಇಲ್ಲ. ನಾನು ಸ್ಪ್ರೇಯರಿನ ಮೂತಿಯನ್ನು ಬುಡದಿಂದ ಮೇಲ್ಮುಖವಾಗಿ ಹಿಡಿಯುತ್ತೇನೆ. ಕೋಸಿನ ಎಲೆಗೆ ಮೇಣದ ಲೇಪ ಇರುವುದರಿಂದ ನೀರು ಉರುಳಿ ಹೋಗುತ್ತದೆ. ಅದಕ್ಕೆ ಒಂದು ಲೀಟರಿಗೆ ಒಂದೆರಡು ಹನಿ ಮೆದು ಸೋಪಿನ ನೀರು. ಸ್ವಲ್ಪ ಬೆಲ್ಲದ ನೀರನ್ನೂ ಸೇರಿಸುತ್ತೇನೆ, ಹುಳ ಬಾಯಿ ಹಾಕಲಿ ಅಂತ.

ಹೊಡೆದ ಮರುದಿನ ಬೆಳಗ್ಗೆ ಅತ್ತೆ ಕೋಸಿನ ಸಾಲಿನಲ್ಲಿ ಬಗ್ಗಿ ನೋಡಿ ಕೂಗಿದರು.

‘ಒಂದೂ ಸತ್ತಿಲ್ಲವಲ್ಲೇ! ಎಲ್ಲ ಹಾಗೇ ಕೂತಿವೆ.’

‘ಕೂತಿರಲಿ ಅತ್ತೆ. ತಿಂತಾ ಇವೆಯಾ ನೋಡಿ.’

ತಿನ್ನುತ್ತಿರಲಿಲ್ಲ. ಹುಳದ ಅಡಿಯಲ್ಲಿ ಹೊಸ ಹಿಕ್ಕೆಯೂ ಇರಲಿಲ್ಲ. ನೋಡಬೇಕಾದ ಗುರುತು ಅದೇ: ಹಸಿ ಹಸಿರು ಹಿಕ್ಕೆ ಬೀಳುವುದು ನಿಂತರೆ ಮದ್ದು ಹಿಡಿದಿದೆ. ಎರಡು ದಿನ ಬಿಟ್ಟು ನೋಡಿದಾಗ ಹುಳಗಳು ಕಂದು ಬಣ್ಣಕ್ಕೆ ತಿರುಗಿ ಸುಕ್ಕಿ ಹೋಗಿದ್ದವು. ಹೊಸದಾಗಿ ಬಂದ ಎಲೆ ಮಾತ್ರ ಗಟ್ಟಿ, ಒಂದು ತೂತೂ ಇಲ್ಲ. ಹೊಡೆದ ಮಾರನೇ ದಿನವೇ ‘ಇದು ಕೆಲಸ ಮಾಡಲ್ಲ’ ಅಂತ ಬೇರೆ ಮದ್ದು ತರಲು ಓಡುವವರು ತುಂಬಾ ಜನ. ಅವರಿಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹೊತ್ತು ಬಹಳ ಮುಖ್ಯ. ಬಿಸಿಲಿನ ನೇರಳಾತೀತ ಕಿರಣಕ್ಕೆ ಈ ಹರಳು, ಬೀಜಕಣ ಎರಡೂ ಬೇಗ ಹಾಳಾಗುತ್ತವೆ. ಸಂಜೆ ಐದರ ಮೇಲೆ ಹೊಡೆದರೆ ಇಡೀ ರಾತ್ರಿ ಹುಳ ತಿನ್ನುವಾಗ ಮದ್ದು ಎಲೆ ಮೇಲೆ ತಾಜಾ ಇರುತ್ತದೆ. ಬೆಳಗ್ಗೆ ಹತ್ತಕ್ಕೆ ಹೊಡೆದವರಿಗೆ ಅರ್ಧ ಫಲ. ಸಂಜೆ ಹೊಡೆದರೂ ಇದು ಎಲೆ ಮೇಲೆ ಉಳಿಯುವುದು ಕೆಲವೇ ದಿನ. ಹೊಸ ಮೊಟ್ಟೆ ಒಡೆಯುತ್ತಲೇ ಇರುತ್ತದೆ, ಹಾಗಾಗಿ ವಾರಕ್ಕೊಮ್ಮೆ ಎಲೆ ನೋಡಿ, ಮರಿ ಕಂಡರೆ ಮಾತ್ರ ಮತ್ತೆ ಹೊಡೆಯುತ್ತೇನೆ.

ಇನ್ನು ನಮ್ಮ ಮಳೆ. ಮಡಿಕೇರಿ ಕಡೆ ವರ್ಷಕ್ಕೆ ನೂರು ಇಂಚು ದಾಟುತ್ತದೆ, ಅಲ್ಲಿಂದ ಕೆಳಗಿಳಿದು ಕುಶಾಲನಗರಕ್ಕೆ ಬಂದರೆ ಅದರ ಅರ್ಧವೂ ಇಲ್ಲ. ನಾವು ನಡುವೆ ಇದ್ದೇವೆ. ಬಿಟಿ ಪುಡಿ ಮಳೆಗೆ ತೊಳೆದು ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ತೆರೆದ ಜಾಗದಲ್ಲಿ ಇದನ್ನು ಹೊಡೆಯುವುದು ದುಡ್ಡನ್ನು ಚರಂಡಿಗೆ ಬಿಟ್ಟ ಹಾಗೆ. ಹಿಂಗಾರಿನ ಮಳೆ ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಬರುವುದು ಜಾಸ್ತಿ. ಆ ತಿಂಗಳು ಮೋಡ ನೋಡಿಕೊಂಡೇ ಪಂಪ್ ತುಂಬಬೇಕು. ನವೆಂಬರ್‌ನಿಂದ ಫೆಬ್ರವರಿ ತನಕ ಇದಕ್ಕೆ ಹೇಳಿ ಮಾಡಿಸಿದ ಕಾಲ. ಕಾಫಿ ಹೂ ಅರಳಿಸುವ ಮಾರ್ಚ್, ಏಪ್ರಿಲ್‌ನ ಹೂಮಳೆಗೆ ಕಾಫಿಯವರೆಲ್ಲ ಆಕಾಶ ನೋಡುತ್ತಾ ಕಾಯುತ್ತಾರೆ. ಆಗಲೂ ಹೊಡೆದ ಮಾರನೇ ದಿನ ಮಳೆ ಬಂದರೆ ಮತ್ತೆ ಹೊಡೆಯಬೇಕು. ಹೂಮಳೆ ಬಂದ ಖುಷಿಯಲ್ಲಿ ಅದು ಯಾರಿಗೂ ಭಾರ ಅನ್ನಿಸುವುದಿಲ್ಲ ಬಿಡಿ.

ಒಂದು ಅಂಕ ಯಾಕೆ ಕಡಿಮೆ ಕೊಟ್ಟೆ? ಪ್ಯಾಕೆಟಿನ ಸಲುವಾಗಿ. ಜೊತೆಗೆ ಬರುವ ಕಾಗದದಲ್ಲಿ ಕನ್ನಡ ಇದೆ, ಓದಲು ಭೂತಕನ್ನಡಿ ಬೇಕು. ಪ್ರಮಾಣ ಕೊಟ್ಟಿರುವುದು ಹೆಕ್ಟೇರಿಗೆ. ಮನೆ ಹಿಂದಿನ ನಾಲ್ಕು ಸಾಲಿಗೆ ಹೆಕ್ಟೇರಿನ ಲೆಕ್ಕ ಯಾರು ಮಾಡುತ್ತಾರೆ? ನನ್ನ ಪ್ಯಾಕೆಟಿನ ಲೆಕ್ಕ ಬಿಡಿಸಿದರೆ ಲೀಟರಿಗೆ ಸುಮಾರು 1 ಗ್ರಾಂ ಬರುತ್ತದೆ. ಬೇರೆ ಕಂಪನಿಯದ್ದಾದರೆ ಅದರದ್ದೇ ಲೆಕ್ಕ ನೋಡಿ. ಐದು ಲೀಟರಿನ ಕೈ ಪಂಪಿಗೆ 5 ಗ್ರಾಂ, ಅಡುಗೆ ಮನೆಯ ಸಣ್ಣ ತಕ್ಕಡಿಯಲ್ಲಿ ಕಾಗದದ ಮೇಲೆ ತೂಗಿಕೊಳ್ಳುತ್ತೇನೆ. ಈ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಹಾಕಲು ಕಂಪನಿಯವರಿಗೆ ಎಷ್ಟು ಖರ್ಚಾಗುತ್ತದೆ? ಇನ್ನೊಂದು, ಪ್ಯಾಕೆಟಿಗೆ ಮತ್ತೆ ಮುಚ್ಚುವ ಜಿಪ್ ಇಲ್ಲ. ನಮ್ಮ ತೇವಕ್ಕೆ ಒಮ್ಮೆ ಕತ್ತರಿಸಿದ ಪುಡಿ ಗಂಟು ಕಟ್ಟುತ್ತದೆ. ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಹಾಗೆ ತಣ್ಣನೆ ಜಾಗದಲ್ಲಿ ಬೀಗ ಹಾಕಿ ಇಡುತ್ತೇನೆ. ಅಡುಗೆ ಸಾಮಾನಿನ ಹತ್ತಿರ ಬೇಡ. ಕಲಸಿದ ನೀರನ್ನು ಅದೇ ದಿನ ಮುಗಿಸಬೇಕು, ನಾಳೆಗೆ ಉಳಿಸಿಡುವ ಹಾಗಿಲ್ಲ. ವಿಷ ಕಡಿಮೆ ಅಂದ ಮಾತ್ರಕ್ಕೆ ಬರಿಗೈ, ಬರಿ ಮೂಗು ಬೇಡ. ಪುಡಿ ಹಾರಿ ಕಣ್ಣಿಗೆ, ಮೂಗಿಗೆ ಹೋದರೆ ಉರಿಯುತ್ತದೆ.

ಯಾವ ಹುಳಕ್ಕೆ ನಾಟುತ್ತದೆ ಅನ್ನುವುದರಲ್ಲೂ ವ್ಯತ್ಯಾಸ ಇದೆ. ಕೋಸಿನ ವಜ್ರಬೆನ್ನಿನ ಮರಿಗೆ ತುಂಬಾ ಚೆನ್ನಾಗಿ. ಪಡವಲದ ಎಲೆ ಕಚ್ಚಿ, ಬೆನ್ನು ಕಮಾನು ಮಾಡಿ ನಡೆಯುವ ಹಸಿರು ಹುಳಕ್ಕೂ ಚೆನ್ನಾಗಿ. ತಂಬಾಕು ಕೀಡೆಗೆ, ಅಂದರೆ ರಾತ್ರಿ ತಿಂದು ಹಗಲು ಮಣ್ಣಲ್ಲಿ ಅಡಗುವ ದಪ್ಪ ಹುಳಕ್ಕೆ, ಬೆಳೆದ ಮೇಲೆ ಹೆಚ್ಚು ನಾಟುವುದಿಲ್ಲ. ಅದರ ತಾಯಿ ಪತಂಗ ಎಲೆ ಅಡಿಗೆ ನೂರಾರು ಮೊಟ್ಟೆ ಒಟ್ಟಿಗೆ ಇಟ್ಟು, ಮೇಲೆ ಕಂದು ಕೂದಲು ಮುಚ್ಚಿರುತ್ತದೆ. ಆ ಎಲೆಯನ್ನೇ ಕಿತ್ತು ಸೋಪಿನ ನೀರಿಗೆ ಹಾಕಿದರೆ ಮದ್ದೇ ಬೇಡ. ಮರಿಗಳು ಇನ್ನೂ ಗುಂಪಾಗಿ ಒಂದೇ ಎಲೆ ಕೆರೆಯುತ್ತಿದ್ದರೂ ಅಷ್ಟೇ. ಟೊಮೆಟೊ ಕಾಯಿಕೊರಕ ಕಾಯಿ ಒಳಗೆ ತಲೆ ತೂರಿಸುವ ಮೊದಲು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಬದನೆಯ ಕುಡಿಕೊರಕ ಮೊಟ್ಟೆಯಿಂದ ಹೊರಬಂದ ಸ್ವಲ್ಪ ಹೊತ್ತಿಗೇ ಕುಡಿಯೊಳಗೋ ಕಾಯಿಯೊಳಗೋ ನುಗ್ಗುತ್ತದೆ. ಎಲೆ ಮೇಲಿನ ಮದ್ದು ಅದರ ಬಾಯಿಗೆ ಸಿಗುವುದೇ ಇಲ್ಲ. ಬದನೆಗೆ ನಾನು ಬಾಡಿದ ಕುಡಿ ಕಂಡ ಕೂಡಲೇ ಚಿವುಟಿ ಸುಡುತ್ತೇನೆ, ತೂತು ಬಿದ್ದ ಕಾಯಿ ಗಿಡದಲ್ಲಿ ಬಿಡುವುದಿಲ್ಲ, ಗಂಡು ಪತಂಗವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಒಂದು ಕಟ್ಟಿದ್ದೇನೆ. ಹೇನು, ಬಿಳಿನೊಣ, ಬಸವನಹುಳ ಇವಕ್ಕೆ ಬಿಟಿಯಿಂದ ಏನೂ ಆಗುವುದಿಲ್ಲ. ‘ಹುಳದ ಮದ್ದು’ ಅಂತ ಎಲ್ಲದಕ್ಕೂ ಹೊಡೆದು ಬೈಯುವವರನ್ನು ನೋಡಿ ಬೇಜಾರಾಗಿದೆ.

ಇದೊಂದನ್ನೇ ನಂಬಿ ಕೂರುವುದು ಬೇಡ. 1990ರಲ್ಲಿ ಹವಾಯಿಯಲ್ಲಿ ಇದೇ ವಜ್ರಬೆನ್ನಿನ ಪತಂಗ ಬಿಟಿಗೂ ಬಗ್ಗುತ್ತಿಲ್ಲ ಅಂತ ವರದಿ ಆಯಿತು. ಬಿಡದೆ ಅದನ್ನೇ ಹೊಡೆದ ಹೊಲಗಳಲ್ಲಿ. ಹಾಗಾಗಿ ಒಮ್ಮೆ ಬಿಟಿ ಹೊಡೆದರೆ ಇನ್ನೊಮ್ಮೆ ನೀರಿಗೆ ಕಲಸಿ ಹೊಡೆಯುವ ಬೇವಿನ ಸಾಬೂನು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೇವಿನ ಸಾಬೂನು, ಹೊಂಗೆ ಸಾಬೂನು ಎರಡನ್ನೂ ಮಾಡಿ ಕೊಟ್ಟಿದೆ. ಅದೇ ಸಂಸ್ಥೆಯ ಪ್ರಯೋಗ ಕೇಂದ್ರ ನಮ್ಮ ಚೆಟ್ಟಳ್ಳಿಯಲ್ಲಿದೆ, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರವೂ ಅವರದ್ದೇ. ಕೋಸಿನ ಜೊತೆ ಸಾಸಿವೆ ಹಾಕಿ ಅಂತ ಹೇಳಿದ್ದೂ ಅವರೇ. 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ, ಒಂದನ್ನು ಕೋಸಿಗಿಂತ 15 ದಿನ ಮೊದಲೇ ಬಿತ್ತಬೇಕು. ಪತಂಗ ಕೋಸು ಬಿಟ್ಟು ಸಾಸಿವೆಗೆ ಹೋಗಿ ಮೊಟ್ಟೆ ಇಡುತ್ತದೆ. ನಮ್ಮಲ್ಲಿ ಸಾಲುಗಳೇ ಕೆಲವು, ಬದುವಿನ ಉದ್ದಕ್ಕೂ ಸಾಸಿವೆ ಎರಚಿದ್ದೇನೆ. ಮದ್ದನ್ನು ಆ ಸಾಸಿವೆಗೂ ಹೊಡೆಯಬೇಕು, ಇಲ್ಲದಿದ್ದರೆ ಅಲ್ಲಿಂದಲೇ ಹೊಸ ಸಂತಾನ ಬರುತ್ತದೆ.

ಎರಡು ಕಡೆ ಇದನ್ನು ಹೊಡೆಯಲೇಬೇಡಿ. ಒಂದು, ಹಿಪ್ಪುನೇರಳೆ ತೋಟದ ಹತ್ತಿರ. ರಾಮನಗರ ಕಡೆಯ ನಮ್ಮ ನೆಂಟರು ರೇಷ್ಮೆ ಸಾಕುತ್ತಾರೆ, ಅವರು ನನ್ನ ಡಬ್ಬಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಗಾಳಿಗೆ ಹಾರಿ ಸೊಪ್ಪಿಗೆ ಬಿದ್ದರೆ ತಟ್ಟೆ ತಟ್ಟೆ ಹುಳ ಹೋಗುತ್ತದೆ. ಇನ್ನೊಂದು, ಕರಿಬೇವು, ನಿಂಬೆ, ಕಿತ್ತಳೆ ಗಿಡದ ಮೇಲಿನ ಚಿಟ್ಟೆ ಮರಿಗಳಿಗೆ. ಮೊದಮೊದಲು ಹಕ್ಕಿ ಹಿಕ್ಕೆಯಂತೆ ಕಂಡು, ಆಮೇಲೆ ಹಸಿರಾಗುವ ಆ ಹುಳಗಳು ಕಪ್ಪು ಬಿಳಿ ಚಿಟ್ಟೆಗಳಾಗಿ ಹಾರುತ್ತವೆ. ಬೆಳೆದ ಕರಿಬೇವಿನ ಮರ ಹತ್ತು ಎಲೆ ಕಳೆದುಕೊಂಡರೆ ಏನೂ ಆಗುವುದಿಲ್ಲ. ಎಳೆ ಗಿಡ ಆದರೆ ಹುಳವನ್ನು ಕಡ್ಡಿಯಲ್ಲಿ ಎತ್ತಿ ದೊಡ್ಡ ಮರಕ್ಕೆ ಬಿಡಿ. ನಮ್ಮ ಬೇಲಿಯಲ್ಲಿ ಈಶ್ವರಿ ಬಳ್ಳಿ ಇದೆ. ಸಹ್ಯಾದ್ರಿ ಬರ್ಡ್‌ವಿಂಗ್, ನಮ್ಮ ರಾಜ್ಯದ ಚಿಟ್ಟೆ, ಮೊಟ್ಟೆ ಇಡುವುದು ಆ ಜಾತಿಯ ಬಳ್ಳಿಗೆ. ಬೇಲಿ ಕಡೆ ಗಾಳಿ ಬೀಸುವ ದಿನ ನಾನು ಪಂಪ್ ಮುಟ್ಟುವುದೇ ಇಲ್ಲ. ಬಿಟಿ ಬೇರೆ ಜೀವಿಗಳಿಗೆ ನಿರಪಾಯ ಅನ್ನುವ ಮಾತಿನಲ್ಲಿ ಈ ಚಿಟ್ಟೆಗಳು ಸೇರಿಲ್ಲ ಅನ್ನುವುದನ್ನು ಮಾರುವವರು ಹೇಳಬೇಕು. ಯಾರೂ ಹೇಳುವುದಿಲ್ಲ.

ಅತ್ತೆ ಈಗಲೂ ಬೆಳಗಿನ ಇಬ್ಬನಿಯಲ್ಲಿ ಒಲೆಬೂದಿ ಎರಚುತ್ತಾರೆ. ಸಸಿ ಚಿಕ್ಕದಿರುವಾಗ ಅದರಿಂದ ಉಪಯೋಗ ಆಗುವುದನ್ನು ನೋಡಿದ್ದೇನೆ, ಗೆಡ್ಡೆ ಕಟ್ಟಿದ ಮೇಲೆ ಬೂದಿ ಒಳಗೆ ಮುಟ್ಟುವುದಿಲ್ಲ. ಸಸಿ ಮಡಿಗೆ ಸೊಳ್ಳೆಪರದೆ ಬಟ್ಟೆ ಹೊದಿಸಿದರೆ ಪತಂಗ ಮೊಟ್ಟೆ ಇಡುವುದೇ ತಪ್ಪುತ್ತದೆ, ಅದನ್ನೂ ಮಾಡುತ್ತೇವೆ. ನಾಟಿ ಮಾಡಿ ಎಲೆ ಹರಡಿದ ಮೇಲೆ, ಗೆಡ್ಡೆ ಕಟ್ಟುವ ತನಕದ ವಾರಗಳಲ್ಲಿ ಮಾತ್ರ ಬಿಟಿಗೆ ಸಮನಾದದ್ದು ನನಗೆ ಸಿಕ್ಕಿಲ್ಲ. ಕೊಯ್ಯುವ ಮೊದಲು ಎರಡು ದಿನ ಬಿಟ್ಟು, ಚೆನ್ನಾಗಿ ತೊಳೆದು ಬಳಸುತ್ತೇವೆ.

ಐದಾರು ಸಾಲು ಕೋಸಿನವರಿಗೆ 100 ಗ್ರಾಂ ಒಂದು ಹಂಗಾಮಿಗೆ ಸಾಕಾಗಿ ಉಳಿಯುತ್ತದೆ. ದೊಡ್ಡ ಪ್ಯಾಕೆಟ್ ಅಗ್ಗ ಅಂತ ತರಬೇಡಿ, ಮುಂದಿನ ಮಳೆಗಾಲ ದಾಟುವಷ್ಟರಲ್ಲಿ ಪುಡಿ ಸತ್ವ ಕಳೆದುಕೊಂಡಿರುತ್ತದೆ. ಅಕ್ಕಪಕ್ಕದ ಎರಡು ಮನೆಯವರು ಸೇರಿ ಒಂದು ತಂದು ಹಂಚಿಕೊಂಡರೆ ಇನ್ನೂ ಒಳ್ಳೆಯದು. ನಾವು ಈ ಸಲ ಹಾಗೇ ಮಾಡುತ್ತಿದ್ದೇವೆ.